ಕೆಳಗಿನ ಮನೆಯ ಬೀಗದ ಕೈ

ಏಪ್ರಿಲ್ 6, ಸೋಮವಾರ

ಬೆಳಿಗ್ಗೆ ಗ್ಯಾಸ್ ಕಂಪನಿಯಿಂದ ಫೋನು. ಸ್ನಾನದ ಮನೆಯ ಗ್ಯಾಸ್ ಗೀಸರುಗಳ ವಾರ್ಷಿಕ ತಪಾಸಣೆ ಈ ತಿಂಗಳೊಳಗೆ ಮುಗಿಯಬೇಕಂತೆ, ಮೇಲೆ ನಾನಿರುವ ಮನೆಯದೂ, ಕೆಳಗೆ ಬಾಡಿಗೆಗೆ ಕೊಟ್ಟಿರುವ ಮನೆಯದೂ. ಆಗದಿದ್ದರೆ ಇಡೀ ಕಟ್ಟಡಕ್ಕೆ ಗ್ಯಾಸು ನಿಲ್ಲಿಸುತ್ತಾರಂತೆ.

"ಈ ಸೋಂಕಿಗೆ ಊರೇ ಬಂದ್ ಆಗಿದೆಯಲ್ಲ" ಎಂದೆ.

"ಊರು ಬಂದ್ ಆಯ್ತು ಅಂತ ಪೈಪು ಸೋರೋದನ್ನ ಬಿಡುತ್ತಾ ಮೇಡಂ?" ಎಂದಿತು ಆ ಕಡೆಯ ದನಿ.

ಮಾತು ಸರಿಯೇ. ಚಳಿಗಾಲದಲ್ಲಿ ಹಿಂದಿನ ಬೀದಿಯ ಒಂದು ಮನೆಯಲ್ಲಿ ಗೀಸರು ಸಿಡಿದು ಸ್ನಾನದ ಮನೆಯ ಗೋಡೆ ರಸ್ತೆಗೆ ಬಿದ್ದಿತ್ತು. ಅದನ್ನು ನೋಡಲು ನಾನೂ ಹೋಗಿದ್ದೆ. ಯಾಕೆ ಹೋದೆ ಎಂದು ಈಗ ಅನಿಸುತ್ತದೆ.

ಕೆಳಗಿನ ಬಾಡಿಗೆಯಾಕೆಗೆ ಫೋನು ಮಾಡಿ, ಗುರುವಾರ ಮೆಕ್ಯಾನಿಕ್ ಬರುತ್ತಾನೆ, ಅರ್ಧ ಗಂಟೆಯ ಕೆಲಸ ಎಂದು ತಿಳಿಸಿದೆ.

"ಈಗ ಬೇಡ ಮೇಡಂ. ಇವರಿಗೆ ಹೋದ ವರ್ಷ ಕಿಡ್ನಿ ಹಾಕಿಸಿದ್ದು ನಿಮಗೆ ಗೊತ್ತಲ್ಲ. ಹೊಸ ಕಿಡ್ನಿಯ ಜೊತೆ ಮೈ ಜಗಳ ಮಾಡಬಾರದು ಅಂತ ಮಾತ್ರೆ ಕೊಡ್ತಾರೆ. ಆ ಮಾತ್ರೆ ತಗೊಂಡ್ರೆ ಯಾವ ಸೋಂಕಿನ ಜೊತೆಗೂ ಮೈ ಜಗಳ ಮಾಡಲ್ಲ. ಬಾ ಅಂತ ಕರೆದು ಕೂರಿಸುತ್ತೆ."

"ಅವನು ಮಾಸ್ಕ್ ಹಾಕಿಕೊಂಡೇ ಬರೋದು."

"ದಿನಕ್ಕೆ ಹತ್ತು ಮನೆ ಹೊಕ್ಕು ಬರೋ ಮನುಷ್ಯ. ಪಾಪ, ಅವನದೇನೂ ತಪ್ಪಿಲ್ಲ. ಮುಂದಿನ ತಿಂಗಳು ಇವರನ್ನ ತಪಾಸಣೆಗೆ ಆಸ್ಪತ್ರೆಗೆ ಕರೀತಾರೆ. ಅವತ್ತು ಮನೆ ಖಾಲಿ ಇರುತ್ತೆ, ಆವಾಗ ಮಾಡಿಸಿ. ಅಲ್ಲಿವರೆಗೂ ಗೀಸರನ್ನೇ ಮುಟ್ಟಲ್ಲ, ವಾಲ್ವ್ ಮುಚ್ಚಿಬಿಡ್ತೀನಿ."

ದನಿ ಏರಿಸಲಿಲ್ಲ, ಬೇಡಿಕೊಳ್ಳಲೂ ಇಲ್ಲ. ಅದೇ ನನಗೆ ಹಿಡಿಸಲಿಲ್ಲವೇನೋ. ನನ್ನ ಮನೆಯಲ್ಲಿರುವ ನನ್ನ ಗೀಸರನ್ನು ನೋಡಲು ನಾನು ಅಪ್ಪಣೆಗೆ ಕಾಯಬೇಕು. ಅಪ್ಪ ಕಟ್ಟಿಸಿದ ಮನೆ ಇದು. ಅವರು ಹೋದ ಮೇಲೆ ಕೆಳಗಿನ ಮನೆಯ ಇನ್ನೊಂದು ಬೀಗದ ಕೈ ನನ್ನ ಮೇಜಿನ ಡ್ರಾಯರಿನಲ್ಲೇ ಇದೆ. ಒಮ್ಮೆಯೂ ಬಳಸಿಲ್ಲ. ಬಳಸುವ ಹಕ್ಕಿಲ್ಲವೆಂದು ಯಾರೂ ಹೇಳಿಲ್ಲ.

ಏಪ್ರಿಲ್ 9, ಗುರುವಾರ

ಬೇಡವೆಂದು ಹೇಳಲು ಕಂಪನಿಗೆ ಫೋನೇ ಸಿಗಲಿಲ್ಲ. ಮೆಕ್ಯಾನಿಕ್ ಬಂದೇ ಬಿಟ್ಟ. ನಾನು ಬಾಲ್ಕನಿಯಿಂದ ನೋಡುತ್ತಿದ್ದೆ. ಆಕೆ ಕಿಟಕಿಯ ಸರಳುಗಳ ಹಿಂದೆ ನಿಂತು ಅವನೊಡನೆ ಮಾತಾಡಿದರು. ಮೊದಲೇ ಅಂಗಳದ ನೆರಳಿನಲ್ಲಿ ಒಂದು ಕುರ್ಚಿ, ಅದರ ಮೇಲೆ ನೀರಿನ ಬಾಟಲಿ ಇಟ್ಟಿದ್ದರು.

"ಕೂತ್ಕೊಳ್ಳಪ್ಪ. ಇವತ್ತಿಂದು ಎಷ್ಟನೇ ಮನೆ?"

"ಐದನೇದು ಅಕ್ಕ. ಮೂರು ಕಡೆ ಬಾಗಿಲೇ ತೆಗೀಲಿಲ್ಲ. ಒಬ್ರಂತೂ ನಾಯಿ ಬಿಟ್ರು."

"ನಾನೂ ತೆಗೆಯಲ್ಲ. ಆದರೆ ನನ್ನ ಹತ್ರ ನಾಯಿ ಇಲ್ಲ, ಗಂಡ ಇದ್ದಾರೆ. ಅವರು ಕಚ್ಚಲ್ಲ, ಬರೀ ಮಾತಾಡ್ತಾರೆ."

ಒಳಗಿನಿಂದ ಗಂಡಸಿನ ದನಿ ಏನೋ ಕೂಗಿತು. ಅವನು ನಕ್ಕುಬಿಟ್ಟ. ಬಾಗಿಲು ತೆರೆಯದ ಮನೆಯಿಂದ ನಗುತ್ತಾ ಹೊರಟವನನ್ನು ನೋಡಿ ನನಗೆ ಸ್ವಲ್ಪ ಮುಜುಗರವೇ ಆಯಿತು. ನನಗೇಕೆ ಕುರ್ಚಿ ಹೊಳೆಯಲಿಲ್ಲ?

ಹೋಗುವ ಮುನ್ನ ತಲೆಯೆತ್ತಿ, "ನಿಮ್ಮದಾದ್ರೂ ನೋಡಿಬಿಡ್ಲಾ ಮೇಡಂ?" ಎಂದು ಕೇಳಿದ. "ನಂದು ಸರಿಯಾಗೇ ಇದೆ. ಕೆಳಗಿಂದು ಮಾಡುವಾಗ ಒಟ್ಟಿಗೆ ನೋಡಿದರಾಯ್ತು" ಎಂದೆ.

ಏಪ್ರಿಲ್ 14, ಮಂಗಳವಾರ

ಶಾಲೆಯ ಪಾಠ ಈಗ ಪರದೆಯ ಮೇಲೆ. ಖಂಡಗಳ ಚಲನೆ ಹೇಳಿಕೊಡುವಷ್ಟರಲ್ಲಿ ಅರ್ಧ ತರಗತಿ ಮಾಯ. ಬೇಸರವಾಗಿ ಬಾಲ್ಕನಿಗೆ ಬಂದೆ.

ಕೆಳಗೆ ಅಂಗಳದಲ್ಲಿ ಗಂಡನಿಗೆ ಕ್ಷೌರ ನಡೆಯುತ್ತಿತ್ತು. ಆಕೆ ಪಾರ್ಲರಿನಲ್ಲಿ ಕೂದಲು ಕತ್ತರಿಸುವವರು. ಪಾರ್ಲರು ಮುಚ್ಚಿದೆ. ಆತ ಸಿಟಿ ಬಸ್ಸು ಓಡಿಸುತ್ತಿದ್ದವರು, ಬೀದಿಯವರೆಲ್ಲ ಪೈಲಟ್ ಎನ್ನುತ್ತಾರೆ. ಕೊರಳಿಗೆ ಹಳೆಯ ಬೆಡ್‌ಶೀಟ್ ಸುತ್ತಿಕೊಂಡು ಬಸ್ಸಿನ ಸೀಟಿನಲ್ಲಿ ಕೂತ ಹಾಗೆಯೇ ನೆಟ್ಟಗೆ ಕೂತಿದ್ದರು.

"ಕಿವಿ ಹತ್ರ ತೆಗೀಲಾ?" ಎಂದು ಆಕೆ ಕೇಳಿದರು. "ಹೂಂ" ಎಂದ ಮೇಲೆ ಕತ್ತರಿ ಆಡಿತು. "ಹಿಂದೆ ಮೆಷಿನ್ ಹಾಕ್ಲಾ?" "ಹೂಂ." ಪ್ರತಿ ಸಲವೂ ಕೇಳಿದರು, ಪ್ರತಿ ಸಲವೂ ಉತ್ತರ ಬರುವವರೆಗೆ ಕೈ ಗಾಳಿಯಲ್ಲೇ ನಿಂತಿತ್ತು.

ನನಗೆ ನಗು ಬಂತು. "ಗಂಡನನ್ನೂ ಕೇಳ್ತೀರಾ?" ಎಂದೆ ಮೇಲಿನಿಂದ.

"ತಲೆ ಅವರದ್ದು ಮೇಡಂ, ನಂದು ಕತ್ತರಿ ಮಾತ್ರ."

"ಅಯ್ಯೋ ಮೇಡಂ, ಇವಳ ಮಾತು ನಂಬಬೇಡಿ" ಎಂದರು ಪೈಲಟ್. "ಒಳಗಿರೋ ಕಿಡ್ನಿ ಇವಳದ್ದೇ. ನಾನು ಬಾಡಿಗೆಗೆ ಇಟ್ಕೊಂಡಿರೋದು. ಒಂದು ಲೋಟ ನೀರು ಕಮ್ಮಿ ಕುಡಿದರೂ ಓನರ್ ಬಂದು ನಿಂತ್ಕೊಳ್ತಾಳೆ."

ಆಕೆ ಅವರ ತಲೆಗೆ ಬಾಚಣಿಗೆಯಿಂದ ಮೆಲ್ಲಗೆ ಕುಟ್ಟಿದರು. "ಕೊಟ್ಟ ಮೇಲೆ ಅದು ನಿಮ್ಮದೇ. ಹೇಗಿದೆ ಅಂತ ಕೇಳಬಹುದು ಅಷ್ಟೆ. ತೆಗೆದು ನೋಡೋಕಾಗುತ್ತಾ?"

ಕಿಡ್ನಿ ಕೊಟ್ಟವರು ಆಕೆಯೇ ಎಂದು ನನಗೆ ಈವರೆಗೆ ಗೊತ್ತಿರಲಿಲ್ಲ. ಆರು ವರ್ಷದಿಂದ ಒಂದೇ ಗೇಟು ತೆರೆದು ಮುಚ್ಚುತ್ತಿದ್ದೇವೆ.

ಕೆಳಗಿನಾಕೆಯ ಮನೆಗೆ ಬರುವ ಯಾವ ವಸ್ತುವೂ ನೇರವಾಗಿ ಒಳಗೆ ಹೋಗುವುದಿಲ್ಲ. ಹೊರಗಿನ ಬೆಂಚಿನ ಮೇಲೆ ಬಿಸಿಲು ಕಾಯಿಸಿಕೊಂಡು, ಒರೆಸಿಕೊಂಡು, ಆಮೇಲೆ. ಮೊದಮೊದಲು ಅತಿಯೆನಿಸಿತ್ತು. ಈಗ ನೋಡಲು ಚೆಂದವೆನಿಸುತ್ತದೆ. ಒಂದು ದಿನವೂ ಸಿಡುಕಿಲ್ಲ, ಒಂದು ದಿನವೂ ಬಿಟ್ಟಿಲ್ಲ. ನನ್ನ ಸಾಮಾನು ಚೀಲ ಎರಡನೇ ದಿನಕ್ಕೇ ಸೀದಾ ಅಡುಗೆಮನೆಗೆ ಹೋಗಿತ್ತು.

ಏಪ್ರಿಲ್ 20, ಸೋಮವಾರ

ಅಣ್ಣನ ಫೋನು. ತಪಾಸಣೆ ಆಗಿಲ್ಲವೆಂದು ಕೇಳಿ ರೇಗಿದ.

"ಪುಟ್ಟಿ, ನೀನು ಓನರ್ರಾ, ಅವರು ಓನರ್ರಾ? ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದರೆ ಕೇಳೋದು ನಿನ್ನನ್ನ. ಕೀ ಇದೆಯಲ್ಲ, ಮೆಕ್ಯಾನಿಕ್ ಕರ್ಕೊಂಡು ಒಳಗೆ ಹೋಗು."

"ಆತನಿಗೆ ಸೋಂಕು ತಗುಲಿದರೆ?"

"ಗೀಸರು ಸಿಡಿದರೆ? ಆವಾಗ ಅವನ ಕಿಡ್ನಿ ಉಳಿಯುತ್ತಾ?"

ಒರಟಾಗಿ ಹೇಳಿದ, ಆದರೆ ಸುಳ್ಳು ಹೇಳಲಿಲ್ಲ. ಒಂದೇ ಪ್ರಾಣಕ್ಕೆ ಎರಡು ಕಡೆಯಿಂದ ಅಪಾಯ. ಒಂದನ್ನು ಹೊರಗಿಡಲು ಬಾಗಿಲು ಮುಚ್ಚಬೇಕು, ಇನ್ನೊಂದನ್ನು ಹುಡುಕಲು ಅದೇ ಬಾಗಿಲು ತೆರೆಯಬೇಕು. ವಾಲ್ವ್ ಮುಚ್ಚಿದ್ದೇನೆ ಎಂದಿದ್ದಾರೆ ಆಕೆ. ನಿಜವೇ? ಬೆಳಿಗ್ಗೆ ಅವರ ಸ್ನಾನದ ಮನೆಯ ಕಿಟಕಿಯಿಂದ ಹಬೆ ಬರುತ್ತಿತ್ತು. ಗೀಸರು ಬಳಸದೆ ಅಷ್ಟು ಹಬೆಯೇ?

ಕೇಳಬಹುದಿತ್ತು. ಕೇಳಲಿಲ್ಲ. ಹಬೆಯನ್ನು ನೋಡುತ್ತಾ ನಿಂತೆ.

ಏಪ್ರಿಲ್ 22, ಬುಧವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಅಂಗಡಿಯಿಂದ ಬಂದು ಮಾಸ್ಕ್ ತೆಗೆದು, ಕಸದ ಚೀಲ ಇಡಲು ಕೆಳಗಿಳಿದೆ. ಮೆಟ್ಟಿಲ ಬುಡದಲ್ಲಿ, ಸರಿಯಾಗಿ ಕೆಳಗಿನ ಮನೆಯ ಬಾಗಿಲ ಮುಂದೆ, ಗ್ಯಾಸಿನ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ಬೆಲ್ ಒತ್ತಿದೆ. ಯಾರೂ ಬರಲಿಲ್ಲ. ಮತ್ತೆ ಒತ್ತಿದೆ. ಒಳಗೆಲ್ಲೋ ನೀರು ಸುರಿಯುವ ಸದ್ದು. ಗೀಸರು ಹಚ್ಚಿದ್ದಾರೆ, ಸುಳ್ಳು ಹೇಳಿದ್ದಾರೆ ಎಂದೇ ಮೊದಲು ಹೊಳೆದದ್ದು. ಅವರು ಪ್ರಜ್ಞೆತಪ್ಪಿ ಬಿದ್ದಿರಬಹುದು ಎಂಬುದು ಎರಡನೆಯದು. ಈ ಅನುಕ್ರಮವನ್ನು ಮರೆಯುವಂತಿಲ್ಲ.

ಮೇಲೆ ಓಡಿ ಬೀಗದ ಕೈ ತಂದು ಬಾಗಿಲು ತೆಗೆದು ಒಳಗೆ ನುಗ್ಗಿದೆ. ಮಾಸ್ಕ್ ಇರಲಿಲ್ಲ.

ಪೈಲಟ್ ನಡುಮನೆಯಲ್ಲಿ ಕೂತಿದ್ದರು. ನನ್ನಿಂದ ಎರಡು ಮಾರು ದೂರ. ಕೈಯಲ್ಲಿದ್ದ ಲೋಟ ಹಾಗೇ ಉಳಿಯಿತು. ಸ್ನಾನದ ಮನೆಯಿಂದ ಆಕೆ ಖಾಲಿ ಪಾತ್ರೆ ಹಿಡಿದು ಬಂದವರು, ಒಂದೇ ಹೆಜ್ಜೆಗೆ ನಮ್ಮಿಬ್ಬರ ನಡುವೆ ಬಂದು ನಿಂತರು. ಗಂಡನ ಕಡೆ ತಿರುಗದೆಯೇ, "ನೀವು ಹಿಂದಿನ ಕೋಣೆಗೆ ಹೋಗಿ, ಬಾಗಿಲು ಹಾಕ್ಕೊಳ್ಳಿ, ಕಿಟಕಿ ತೆಗೆದಿರಲಿ" ಎಂದರು. ಆತ ಎದ್ದು ಹೋದರು. ಆಮೇಲೆ ನನಗೆ, "ಹೊರಗೆ ನಿಂತ್ಕೊಳ್ಳಿ ಮೇಡಂ, ಅಲ್ಲಿಂದ ಮಾತಾಡೋಣ."

ಕೂಗಲಿಲ್ಲ. ನಾನು ಹೊರಗೆ ನಿಂತು ಏದುಸಿರು ಬಿಡುತ್ತಿದ್ದೆ.

"ವಾಸನೆ ನಮಗೂ ಬಂತು" ಎಂದರು. "ಒಲೆ ಆರಿಸಿದೆ. ಕಾದಿದ್ದ ನೀರನ್ನ ಬಕೆಟ್ಟಿಗೆ ಸುರೀತಾ ಇದ್ದೆ, ಬೆಲ್ ಸರಿಯಾಗಿ ಕೇಳಲಿಲ್ಲ. ಅದಕ್ಕೆ ಮುಂಚೆ ನಿಮಗೆ ಎರಡು ಸಲ ಫೋನ್ ಮಾಡಿದೆ. ಮೇಲೆ ಬಿಟ್ಟು ಬಂದಿದ್ದೀರೇನೋ."

ಬಾಗಿಲ ನೇರಕ್ಕೆ ಸ್ನಾನದ ಮನೆ ಕಾಣುತ್ತಿತ್ತು. ಗೀಸರಿನ ವಾಲ್ವ್ ಅಡ್ಡಕ್ಕೆ ತಿರುಗಿತ್ತು. ತಪ್ಪಿಯೂ ಯಾರೂ ತಿರುಗಿಸದಂತೆ ಅದಕ್ಕೆ ಕೂದಲಿಗೆ ಕಟ್ಟುವ ಕೆಂಪು ರಿಬ್ಬನ್ನು ಬಿಗಿದಿದ್ದರು. ಎರಡು ವಾರದಿಂದ ಒಲೆಯ ಮೇಲೆ ಕಾಯಿಸಿ ಹೊತ್ತೊಯ್ದ ನೀರು. ಅದರ ಹಬೆಯನ್ನೇ ನಾನು ನೋಡಿದ್ದು.

"ನಮ್ಮದು ಬಂದ್ ಇದೆ" ಎಂದರು ಆಕೆ. "ಮೇಲಿಂದು ನೋಡಿದ್ರಾ?"

ಏಪ್ರಿಲ್ 23, ಗುರುವಾರ

ಮೆಕ್ಯಾನಿಕ್ ನಿನ್ನೆಯೇ ಬಂದು ಹೋದ. ಸೋರುತ್ತಿದ್ದದ್ದು ನನ್ನ ಗೀಸರು. ಹಿಂಬದಿಯ ಜೋಡಣೆ ಸವೆದಿದೆ. ಈ ಗ್ಯಾಸು ಗಾಳಿಗಿಂತ ಭಾರವಂತೆ, ಪೈಪುಗಳು ಹಾದುಹೋಗುವ ಗೂಡಿನೊಳಗಿಂದ ಇಳಿದು ಅವರ ಬಾಗಿಲ ಬುಡದಲ್ಲಿ ತುಂಬಿಕೊಂಡಿದೆ.

"ಅವತ್ತೇ ಕೇಳಿದೆ, ನೋಡಿಬಿಡ್ಲಾ ಅಂತ" ಎಂದ. ಹೌದು. ಸರಿಯಾಗೇ ಇದೆ ಎಂದಿದ್ದೆ. ನಿಜ ಹೇಳಬೇಕೆಂದರೆ, ಹತ್ತು ಮನೆ ಹೊಕ್ಕು ಬಂದವನನ್ನು ನನ್ನ ಸ್ನಾನದ ಮನೆಗೆ ಬಿಡಲು ನನಗೂ ಹೆದರಿಕೆಯಿತ್ತು. ಕೆಳಗಿನಾಕೆ ಅದನ್ನು ಬಾಯಿಬಿಟ್ಟು ಹೇಳಿದರು. ನಾನು ಹೇಳಲಿಲ್ಲ.

"ಬೆಲ್ ಒತ್ತಿದ್ರಾ? ಅಷ್ಟು ವಾಸನೆ ಇದ್ದಾಗ?" ಅವನ ಮುಖ ಬಿಳಚಿಕೊಂಡಿತು. "ಒಂದು ಕಿಡಿ ಸಾಕಿತ್ತು ಮೇಡಂ. ಇನ್ಮೇಲೆ ಕೈಯಲ್ಲಿ ತಟ್ಟಿ."

ನನ್ನ ಮನೆಯ ಗ್ಯಾಸು ಪೂರ್ತಿ ಬಂದ್. ಹೊಸ ಭಾಗ ಬರಲು ದಿನ ಹಿಡಿಯುತ್ತದೆ. ಕೆಳಗಿನ ಗೀಸರಿನ ಲೈನನ್ನು ಹೊರಗಿನ ಗೋಡೆಯಲ್ಲೇ ಮುಚ್ಚಿ ಸೀಲು ಹಾಕಿದ. ಇಷ್ಟಿದ್ದರೆ ಅವರ ತಪಾಸಣೆ ಮುಂದಿನ ತಿಂಗಳಿಗೆ ಹೋದರೂ ಕಂಪನಿ ಒಪ್ಪುತ್ತದಂತೆ. ಒಳಗೆ ಹೋಗಬೇಕಾಗಿಯೇ ಇರಲಿಲ್ಲ. ನಾವ್ಯಾರೂ ಅವನನ್ನು ಕೇಳಿರಲಿಲ್ಲ, ಅಷ್ಟೆ.

ಅಣ್ಣನಿಗೆ ಇನ್ನೂ ಹೇಳಿಲ್ಲ.

ಏಪ್ರಿಲ್ 25, ಶನಿವಾರ

ಗಂಟಲು ಕೆರೆಯುತ್ತಿದೆ.

ಏಪ್ರಿಲ್ 26, ಭಾನುವಾರ

ಜ್ವರ. ಹೆಚ್ಚಿಲ್ಲ. ಅವರ ನಡುಮನೆಯಲ್ಲಿ ಬಾಯಿ ತೆರೆದು ಏದುಸಿರು ಬಿಟ್ಟವಳು ನಾನು. ಅಂಗಡಿಯಲ್ಲಿ ನನ್ನ ಹಿಂದೆ ಒಬ್ಬರು ಕೆಮ್ಮುತ್ತಿದ್ದದ್ದೂ ಅದೇ ದಿನ.

ಬಹಳ ಹೊತ್ತು ಫೋನು ಹಿಡಿದು ಕೂತು, ಕೊನೆಗೆ ಕೆಳಗೆ ಹೇಳಿದೆ.

"ಹೇಳಿದ್ದು ಒಳ್ಳೇದಾಯ್ತು" ಎಂದರು. "ಟೆಸ್ಟ್ ಮಾಡಿಸಿ. ಇವರು ಅವತ್ತಿಂದ ಹಿಂದಿನ ಕೋಣೇಲೇ ಇದ್ದಾರೆ, ನಾನು ಮುಂದಿನ ಕೋಣೇಲಿ. ಡಾಕ್ಟರ್ರಿಗೂ ಫೋನಲ್ಲಿ ಹೇಳಿಟ್ಟಿದ್ದೀನಿ."

"ಅವತ್ತಿಂದಲೇ?"

"ಮತ್ತೆ? ನಿಮ್ಮ ಮೇಲೆ ಸಿಟ್ಟಿಗಲ್ಲ. ಲೆಕ್ಕಕ್ಕೆ."

ಆಮೇಲೆ ಒಂದು ಉಸಿರು ಬಿಟ್ಟು, "ಸಿಟ್ಟೂ ಸ್ವಲ್ಪ ಇತ್ತು" ಎಂದರು.

ಆ ಮಾತು ಕೇಳಿದ ಮೇಲೆ, ಏಕೋ, ಉಸಿರಾಟ ಹಗುರಾಯಿತು.

ಏಪ್ರಿಲ್ 27, ಸೋಮವಾರ

ಬೆಳಿಗ್ಗೆ ಟೆಸ್ಟ್ ಕೊಟ್ಟು ಬಂದೆ. ಉತ್ತರಕ್ಕೆ ಎರಡು ದಿನ.

ಹೊತ್ತೇರಿದ ಮೇಲೆ ಬಾಲ್ಕನಿಯ ಕೆಳಗಿನಿಂದ ಆಕೆ ಕರೆದರು. "ಮೇಡಂ, ಒಂದು ಬುಟ್ಟಿಗೆ ಹಗ್ಗ ಕಟ್ಟಿ ಇಳಿಸ್ತೀರಾ?" ಇಳಿಸಿದೆ. ಎಳೆದಾಗ ದೊಡ್ಡ ಫ್ಲಾಸ್ಕು ತುಂಬ ಬಿಸಿ ನೀರು, ಒಂದು ಡಬ್ಬಿಯಲ್ಲಿ ಬಿಸಿ ಊಟ. ನನ್ನ ಒಲೆಯೂ ಇಲ್ಲ, ಗೀಸರೂ ಇಲ್ಲ ಎಂಬುದು ನನಗಿಂತ ಅವರಿಗೆ ನೆನಪಿತ್ತು. ಗಂಡನಿಗಾಗಿ ಕಾಯಿಸುವ ಪಾತ್ರೆಯಲ್ಲಿ ನನ್ನ ಪಾಲೂ ಸೇರಿದೆ.

"ಯಾಕಿಷ್ಟು ತೊಂದರೆ ತಗೋತೀರಿ?" ಎಂದೆ.

"ಒಲೆ ಹೇಗೂ ಉರೀತಿರುತ್ತೆ. ನೀರು ಯಾರಿಗೆ ಅಂತ ಕೇಳುತ್ತಾ? ಬಾಯಿ ಮುಕ್ಕಳಿಸಿ, ಮಲಗಿ."

ಹಿಂದಿನ ಕೋಣೆಯಿಂದ ಪೈಲಟ್ ಕೂಗಿದರು: "ಮೇಡಂ, ಹೆದರಬೇಡಿ! ನಾನು ಡಿಪೋದಲ್ಲಿ ಆರಾಮಾಗಿ ನಿಂತಿದ್ದೀನಿ. ಕಂಡಕ್ಟರ್ ಸೀಟಿ ಊದೋದನ್ನೇ ಕಾಯ್ತಾ ಇದ್ದೀನಿ!"

"ಸುಮ್ನಿರ್ರೀ, ಗಂಟಲು ನೋಯುತ್ತೆ!" ಎಂದು ಇವರು ಮುಂದಿನ ಕೋಣೆಯಿಂದ. ಗೋಡೆಯ ಆಚೀಚೆ ಕೂತು ಸಂಜೆಯವರೆಗೂ ಹೀಗೇ ಕಿತ್ತಾಡಿಕೊಂಡು ನಕ್ಕರು. ಇಷ್ಟು ವರ್ಷ ಆ ಸದ್ದು ನನ್ನ ಪಾಠಕ್ಕೆ ಅಡ್ಡಿಯೆನಿಸುತ್ತಿತ್ತು. ಇವತ್ತು ಅದು ನಿಂತಾಗಲೆಲ್ಲ ಹಾಸಿಗೆಯಲ್ಲಿ ಎದ್ದು ಕೂರುತ್ತಿದ್ದೆ.

ಏಪ್ರಿಲ್ 29, ಬುಧವಾರ

ಸೋಂಕಿಲ್ಲ. ಬರೀ ನೆಗಡಿ.

ಬಾಲ್ಕನಿಯಿಂದಲೇ ಕೂಗಿ ಹೇಳಿದೆ. ಕೆಳಗಿನ ಮನೆಯ ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡರು, ಒಳಗಿನಿಂದ ಬಸ್ಸಿನ ಹಾರನ್ನಿನಂತೆ ಒಂದು ಸದ್ದು ಹೊರಟಿತು. ಮನುಷ್ಯನ ಬಾಯಿಂದ ಅಂಥ ಸದ್ದು ಬರಬಹುದೆಂದು ತಿಳಿದಿರಲಿಲ್ಲ. ಇನ್ನೂ ನಾಲ್ಕಾರು ದಿನ ಬೇರೆ ಕೋಣೆಗಳಲ್ಲೇ ಇರುತ್ತಾರಂತೆ, ಡಾಕ್ಟರು ಹಾಗೆ ಹೇಳಿದ್ದಾರಂತೆ.

ಫ್ಲಾಸ್ಕು ತೊಳೆದು ಬುಟ್ಟಿಯಲ್ಲಿಟ್ಟು ಇಳಿಸಿದೆ. ಜೊತೆಗೆ ಡ್ರಾಯರಿನಲ್ಲಿದ್ದ ಬೀಗದ ಕೈಯನ್ನೂ.

"ಇದ್ಯಾಕೆ?" ಎಂದರು ಎತ್ತಿ ಹಿಡಿದು.

"ನಿಮ್ಮ ಮನೆಯದು. ನಿಮ್ಮ ಹತ್ರವೇ ಇರಲಿ."

ಅವರು ಬೇಡವೆನ್ನಬಹುದು, ಇರಲಿ ಬಿಡಿ ಎನ್ನಬಹುದು ಎಂದುಕೊಂಡಿದ್ದೆ. ಎನ್ನಲಿಲ್ಲ. ತಲೆಯಾಡಿಸಿ ಒಳಗೆ ಒಯ್ದರು. ಹಾಗೆ ಒಯ್ದದ್ದೇ ಸರಿ.

ಮೇ 3, ಭಾನುವಾರ

ಅಣ್ಣನಿಗೆ ಎಲ್ಲವನ್ನೂ ಹೇಳಿದೆ. "ಕೀ ಕೊಟ್ಟುಬಿಟ್ಯಾ? ನಿನಗೆ ಬುದ್ಧಿ ಇದೆಯಾ?" ಎಂದ. ಇದೆಯೋ ಇಲ್ಲವೋ ಗೊತ್ತಿಲ್ಲ, ಅದನ್ನು ಆಮೇಲೆ ಯೋಚಿಸುತ್ತೇನೆ ಎಂದೆ. ನಗುವುದೋ ಬೈಯುವುದೋ ತಿಳಿಯದೆ ಫೋನಿಟ್ಟ.

ಕೆಳಗೆ ಇಬ್ಬರೂ ಮತ್ತೆ ಒಂದೇ ಕೋಣೆಯಲ್ಲಿದ್ದಾರೆ. ಜಗಳ ಈಗ ಸಣ್ಣ ದನಿಯಲ್ಲಿ. ಏನೆಂದು ಕೇಳಿಸುವುದಿಲ್ಲ.

ಮೇ 12, ಮಂಗಳವಾರ

ಪೈಲಟ್‌ಗೆ ಇವತ್ತು ಆಸ್ಪತ್ರೆಯ ತಪಾಸಣೆ. ಬೆಳಿಗ್ಗೆ ಅಕ್ಕ ಬಾಲ್ಕನಿಯ ಕೆಳಗೆ ಬಂದು, "ಬುಟ್ಟಿ ಇಳಿಸ್ತೀಯಾ ಅಮ್ಮಾ?" ಎಂದರು. ಇಳಿಸಿದೆ. ಎಳೆದು ನೋಡಿದರೆ ಅದೇ ಬೀಗದ ಕೈ. ಕೆಂಪು ರಿಬ್ಬನ್ನು ಕಟ್ಟಿತ್ತು.

"ಮೆಕ್ಯಾನಿಕ್ ಬರ್ತಾನಲ್ಲ. ನೀನೇ ಜೊತೆಗೆ ನಿಂತು ನೋಡ್ಕೋ. ನಾವು ಬಂದು ಸಂಜೆವರೆಗೂ ಟೆರೇಸಿನಲ್ಲಿ ಕೂತಿರ್ತೀವಿ, ಮನೆಗೆ ಗಾಳಿ ಆಡಲಿ. ಕಿಟಕಿ ಎಲ್ಲ ತೆಗೆದಿಟ್ಟಿದ್ದೀನಿ."

"ಅಲ್ಲಿ ಏನಾದ್ರೂ ಮುಟ್ಟಬಾರದ್ದು ಇದೆಯಾ ಅಕ್ಕ?"

"ಏನೂ ಇಲ್ಲ. ಮೂಲೆ ಮೇಜಿನ ಮೇಲೆ ಮಾತ್ರೆಗಳಿವೆ, ಅದೊಂದು ಹಾಗೇ ಇರಲಿ."

ಟ್ಯಾಕ್ಸಿ ಹತ್ತುವಾಗ ಪೈಲಟ್ ಹಿಂದಿನ ಸೀಟಿನಲ್ಲಿ ಕೂರಲು ಒಪ್ಪಲಿಲ್ಲ. ಜೀವಮಾನವಿಡೀ ಮುಂದೆಯೇ ಕೂತವರಂತೆ. ಅಕ್ಕ ಕಿವಿಯಲ್ಲಿ ಏನೋ ಹೇಳಿದರು, ಹಿಂದೆ ಕೂತರು.

ಮೆಕ್ಯಾನಿಕ್ ಬಂದ. ನೆರಳಿನ ಕುರ್ಚಿಯಲ್ಲಿ ಅವನಿಗಾಗಿ ನೀರಿನ ಬಾಟಲಿ ಇಟ್ಟಿದ್ದೆ. ಮಾಸ್ಕ್ ಹಾಕಿಕೊಂಡು, ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡು ಇಬ್ಬರೂ ಬಾಗಿಲ ಮುಂದೆ ನಿಂತೆವು. ಬೀಗದ ಕೈ ನನ್ನ ಕೈಯಲ್ಲೇ ಇತ್ತು. ಒಳಗೆ ಯಾರೂ ಇಲ್ಲವೆಂದೂ ಗೊತ್ತಿತ್ತು.

ಬಾಗಿಲು ತಟ್ಟಿದೆ. ಸ್ವಲ್ಪ ಕಾದೆ.

"ಅವರು ಹೋಗಿ ಆಗಲೇ ಎಷ್ಟು ಹೊತ್ತಾಯ್ತು ಮೇಡಂ" ಎಂದ ಅವನು, ಟೂಲ್ ಬ್ಯಾಗನ್ನು ಭುಜದಿಂದ ಭುಜಕ್ಕೆ ಬದಲಿಸಿಕೊಳ್ಳುತ್ತಾ. "ಯಾರು ಬಂದು ತೆಗೀತಾರೆ ಅಂತ ಕಾಯ್ತಿದ್ದೀರಿ?"

"ಇರಪ್ಪ, ಒಂದು ನಿಮಿಷ" ಎಂದು ಇನ್ನೊಮ್ಮೆ ತಟ್ಟಿದೆ.